ಮಣ್ಣಿಗೆ ಹೋದ ಟೋಕನ್

ಆಷಾಢದ ಮಳೆ ಮಧ್ಯಾಹ್ನವೇ ಹಿಡಿದುಕೊಂಡಿತ್ತು. ಅರಸೀಕೆರೆಯ ರೈಲ್ವೆ ಗೇಟಿನ ಆಚೆಯ ಬೀದಿಯಲ್ಲಿ ಕರೆಂಟು ಹೋಗಿ ಸಂಜೆಗೇ ಕತ್ತಲಾಗಿತ್ತು. ಧನುಶ್ರೀ ರೈಲಿಳಿದು ನೆನೆದುಕೊಂಡೇ ಮನೆಗೆ ಬಂದಳು. ಹೆಗಲ ಚೀಲವನ್ನು ಬಾಗಿಲ ಮೂಲೆಗೆ ಇಳಿಸಿದಳು. ಬೆಳಿಗ್ಗೆ ಇದ್ದದ್ದಕ್ಕಿಂತ ಭಾರವಾಗಿತ್ತು. ನೀರು ಕುಡಿದಿರಬೇಕು ಅಂದುಕೊಂಡಳು. ಬಿಚ್ಚಿ ನೋಡಲಿಲ್ಲ.

ಗಂಡ ಸಿದ್ಧಾರ್ಥ ತೀರಿಕೊಂಡು ವರ್ಷ ತುಂಬಿತ್ತು. ಅಂದಿನಿಂದ ಅವಳಿಗೆ ಯಾವುದೂ ತಾಕುತ್ತಿರಲಿಲ್ಲ. ಅಳುವೂ ಇಲ್ಲ, ಸಿಟ್ಟೂ ಇಲ್ಲ. ಚರಿತ್ರೆಯಲ್ಲಿ ಎಂ.ಎ. ಮಾಡಿದ್ದಳು. ಕಾಲೇಜು ಅಧ್ಯಾಪಕರ ಪರೀಕ್ಷೆ ಹತ್ತಿರ ಬಂದಿತ್ತು. ಅದೊಂದನ್ನು ದಾಟಿದರೆ ತನ್ನ ಕಾಲ ಮೇಲೆ ನಿಲ್ಲಬಹುದಿತ್ತು. ಅದಕ್ಕೆ ಬೇಕಾದ ಶಾಸನ ಸಂಪುಟ ತಾನು ಓದಿದ ಯೂನಿವರ್ಸಿಟಿಯ ಲೈಬ್ರರಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

"ಸಿಕ್ತೇನೇ?" ಅತ್ತೆ ಸುಮಿತ್ರಮ್ಮ ಸೀಮೆಎಣ್ಣೆ ದೀಪ ಹಚ್ಚುತ್ತ ಕೇಳಿದರು.

"ಒಳಗೇ ಬಿಡ್ಲಿಲ್ಲ ಅತ್ತೆ. ಕೋರ್ಸ್ ಮುಗಿದ ಮೇಲೆ ನೀವು ಹೊರಗಿನವರು ಅಂದ್ರು." ಯಾರದೋ ಸುದ್ದಿ ಹೇಳುವಂತೆ ಹೇಳಿದಳು. "ಪುಸ್ತಕಾನೆಲ್ಲ ಟ್ರಂಕಿಗೆ ಹಾಕಿಬಿಡ್ತೀನಿ. ಸಾಕು."

ಮೇಣದಬತ್ತಿ ಕೇಳಲು ಬಂದಿದ್ದ ಪಕ್ಕದ ಮನೆಯ ದೇವರಾಜ್ ಅಲ್ಲೇ ಕೂತುಬಿಟ್ಟಿದ್ದ. ತಾಲ್ಲೂಕು ಆಫೀಸಿನ ಗುಮಾಸ್ತ ಅವನು. "ಅಲ್ಲ ಕಣಮ್ಮಾ, ರೂಲ್ಸ್ ಅಂದ್ಮೇಲೆ ರೂಲ್ಸು. ಕಂಡೋರಿಗೆಲ್ಲ ಬಾಗ್ಲು ತೆಗೆದ್ರೆ ಲೈಬ್ರರಿ ಸಂತೆ ಆಗೋಗಲ್ವಾ?" ಎಂದು ನಕ್ಕ.

ಗೋಡೆಗೊರಗಿ ಕೂತಿದ್ದ ಸಣ್ಣಯ್ಯ ಕೆಮ್ಮಿದರು. ಅವರು ಸುಮಿತ್ರಮ್ಮನ ಅಣ್ಣ. ಹಳೇಬೀಡಿನ ಕೆರೆಯ ತೂಬು ಎತ್ತಿ, ಮುಚ್ಚಿ, ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಮನೆತನದವರು. ಡಾಕ್ಟರಿಗೆ ತೋರಿಸಲು ಬಂದು ಮಳೆಗೆ ಸಿಕ್ಕಿಬಿದ್ದಿದ್ದರು.

"ಏನ್ಲಾ ದೇವರಾಜ, ಇನ್ನೊಂದ್ಸಲ ಹೇಳು. ಏನಂದೆ? ರೂಲ್ಸಾ?"

ದೇವರಾಜ್ ಹಿಂದಕ್ಕೆ ಸರಿದು ಕೂತ.

"ದೀಪ ಸಣ್ಣ ಮಾಡು ಸುಮಿತ್ರ... ಎಲ್ಲ ಇತ್ಲಾಗೆ ಬನ್ನಿ. ನನ್ ಮಗಳು ಲತಾಮಣಿ ಜ್ವರ ಬಂದು ಸತ್ತಳು ಅಂತ ನಿಮಗೆಲ್ಲ ಗೊತ್ತು. ಜ್ವರ ಯಾಕೆ ಬಂತು ಅಂತ ಯಾರಾದ್ರೂ ಕೇಳಿದ್ರಾ? ಸತ್ತ ಮ್ಯಾಲೆ ಏನಾಯ್ತು ಅಂತ ಕೇಳಿದ್ರಾ? ಇವತ್ತು ಕೇಳಿ...

"ನಮ್ ಕೇರೀಲಿ ಎಂ.ಎ. ಅಂತ ಮೊದಲು ಮಾಡಿದ್ದೇ ಅವಳು ಕಣವ್ವ ಧನುಶ್ರೀ, ನೀನು ಓದಿದ ಅದೇ ಯೂನಿವರ್ಸಿಟೀಲಿ, ಅದೇ ಲೈಬ್ರರೀಲಿ ಕೂತು. ನೀರಗಂಟಿಗಳ ಮ್ಯಾಲೆ ದಪ್ಪನೆ ಪುಸ್ತಕ ಬರೆದ್ಲು. ನಾನು ಹೇಳ್ತಾ ಹೋಗೋದು, ಅವಳು ಬರ್ಕಳ್ತಾ ಹೋಗೋದು... ನಮ್ದೊಂದು ಕಟ್ಟು ಐತೆ. ಕೊನೇ ಗದ್ದೆಗೆ ನೀರು ಮುಟ್ಟೋ ತನಕ ನೀರಗಂಟಿ ಮನೆಗೆ ಹೋಗಂಗಿಲ್ಲ. ಮಳೆ ಬರ್ಲಿ, ಸಿಡ್ಲು ಹೊಡೀಲಿ, ಕೆರೆ ಏರಿ ಮ್ಯಾಲೇ ಕೂತಿರಬೇಕು. ಯಾಕೆ ಹೇಳಿ? ಮೇಲಿನ ಗದ್ದೆಯೋರಿಗೆ ತಮ್ಮ ಮಡಿ ತುಂಬಿದ ಕೂಡ್ಲೇ ಊರಿಗೆಲ್ಲ ನೀರು ಸಾಕು ಅನ್ನಿಸ್ತೈತೆ, ತೂಬು ಮುಚ್ಚಲಾ ಅಂತಾರೆ... ಅದಕ್ಕೇ ಕಣಪ್ಪಾ ಆ ಕಟ್ಟು.

"ಓದು ಮುಗೀತು, ಕಾರ್ಡ್ ಕಿತ್ಕಂಡ್ರು. ಆಮ್ಯಾಕೆ ಒಂದು ಕಾಲೇಜಿನೋರು ಕೆಲಸಕ್ಕೆ ಕರೆದು, ನೀನು ಬರೆದಿರೋದನ್ನ ತಂದು ತೋರ್ಸು ಅಂದ್ರು. ಮನೇಲಿದ್ದ ಪ್ರತೀನ ಗೆದ್ಲು ತಿಂದಿತ್ತು, ಇನ್ನೊಂದು ಇದ್ದಿದ್ದು ಲೈಬ್ರರೀಲಿ. ಹೋದ್ಲು. ಬಾಗಿಲ ಪಕ್ಕದ ಕೌಂಟರಲ್ಲಿ ಬ್ಯಾಗ್ ಇಟ್ಲು, ಹಿತ್ತಾಳೆ ಟೋಕನ್ ಕೊಟ್ರು, ಒಳಗೆ ಕಾಲಿಡೋಕೆ ಹೋದ್ರೆ ತಡೆದ್ರು. ಕಾರ್ಡಿಲ್ಲ, ನೀನು ಒಳಗಿನೋಳಲ್ಲ ಅಂದ್ರು. ಸರಿ ಸಾರ್, ಹೊರಗಿನೋಳು ಅಂತಾನೇ ಚೀಟಿ ಕೊಡಿ, ಒಂದಿನ ಕೂತು ನೋಡ್ಕಂಡು ಹೋಗ್ತೀನಿ ಅಂದ್ಲು. ಅದಕ್ಕೆ ಆಫೀಸಿನೋರು ಏನಂದ್ರು ಗೊತ್ತಾ? ಆ ಚೀಟಿ ಬೇರೆ ಊರಿನ ಯೂನಿವರ್ಸಿಟಿಯೋರಿಗೆ ಕಣಮ್ಮ, ನೀನು ನಮ್ಮಲ್ಲೇ ಓದಿದೋಳು, ನೀನೆಂಗೆ ಹೊರಗಿನೋಳಾಗ್ತೀಯ ಅಂದ್ರು!"

ಸಣ್ಣಯ್ಯನ ದನಿ ಒಡೆಯಿತು. ಮುಷ್ಟಿಯಿಂದ ನೆಲ ಗುದ್ದಿದರು.

"ಒಳಗಿನೋಳೂ ಅಲ್ಲ, ಹೊರಗಿನೋಳೂ ಅಲ್ಲ... ಅಂಗಿದ್ದೋರ್ನ ಏನಂತಾರೆ ಹೇಳ್ಲಾ ದೇವರಾಜ? ದೆವ್ವ ಅಂತಾರೆ. ಜೀವ ಇರೋವಾಗ್ಲೇ ನನ್ ಮಗಳನ್ನ ದೆವ್ವ ಮಾಡಿದ್ರು ಕಣ್ಲಾ!

"ದೊಡ್ಡ ಸಾಹೇಬ್ರು ಬರ್ತಾರೆ, ಮೆಟ್ಲ ಮ್ಯಾಲೆ ಕೂತಿರು ಅಂದ್ರು. ಕೂತ್ಲು. ಇಂಥದೇ ಮಳೆ. ಮೇಲೆ ಸೂರಿಲ್ಲ. ನೀರಗಂಟಿ ಮಗಳಲ್ವಾ... ಏಳ್ಳಿಲ್ಲ. ಯಾವ ಸಾಹೇಬ್ನೂ ಬರ್ಲಿಲ್ಲ. ಬಾಗಿಲು ಹಾಕ್ಕಂಡ್ ಹೋದ್ರು, ಬ್ಯಾಗೂ ಒಳಗೇ ಉಳೀತು. ಮನೆಗೆ ಬಂದೋಳು ಹಾಸಿಗೆ ಹಿಡಿದ್ಲು, ಅಷ್ಟೇ. ಕೆರೆ ಹಿಂದಿನ ನಮ್ ಹೊಲದಲ್ಲಿ ಮಣ್ಣು ಮಾಡಿದ್ವಿ. ಆ ಟೋಕನ್ನು ಮುಷ್ಟೀಲೇ ಇತ್ತು... ಬೆರಳು ಬಿಡಿಸೋಕೆ ನೋಡಿದ್ವಿ, ಆಗ್ಲಿಲ್ಲ. ಅಂಗೇ ಇಟ್ವಿ.

"ಕಾರ್ಯವೆಲ್ಲ ಮುಗಿದ ಮ್ಯಾಲೆ ಅವಳ ಬ್ಯಾಗ್ ಇಸ್ಕಂಡ್ ಬರೋಣ ಅಂತ ಹೋದೆ. ಕೌಂಟರ್ ಹಿಂದೆ ಬ್ಯಾಗ್ ಇಡೋ ಗೂಡಿನಲ್ಲಿ ಕಣ್ಣಿಗೆ ಕಾಣ್ತಾ ಐತೆ, ಹಸಿರು ಬ್ಯಾಗು, ಅವಳೇ ಹೊಲಿದಿದ್ದು. ಕೌಂಟರಿನೋನು ಟೋಕನ್ ಕೊಡಿ ಅಂದ. ಅದು ನನ್ ಮಗಳ ಕೈಲೈತೆ, ಅವಳು ಮಣ್ಣಲ್ಲವ್ಳೆ ಕಣಪ್ಪಾ ಅಂದೆ. ಟೋಕನ್ ಇಲ್ದೆ ಕೊಡಂಗಿಲ್ಲ ಯಜಮಾನ್ರೇ, ರೂಲ್ಸು ಅಂದ. ಕೇಳುಸ್ತೇನವ್ವ? ರೂಲ್ಸು! ನಾನೂ ಅಲ್ಲೇ ನಿಂತು ಎಲ್ಲರಿಗೂ ಕೇಳಂಗೆ ಅಂದೆ: ಆಗ್ಲಿ ಕಣಪ್ಪಾ, ಟೋಕನ್ ಯಾರ ಕೈಲೈತೋ ಅವಳೇ ಬಂದು ತಗೋತಾಳೆ.

"ಅಂದೋನು ಬಂದ್ಬಿಟ್ಟೆ. ಆ ಮಳೆಗಾಲ ಇನ್ನೂ ಕಳೆದಿರ್ಲಿಲ್ಲ... ಕೌಂಟರಿನೋನೇ ನಮ್ಮನೆ ಹುಡುಕ್ಕಂಡು ಬಂದ. ಕಂಕುಳಲ್ಲಿ ಅದೇ ಬ್ಯಾಗು, ಮೈಯೆಲ್ಲ ನಡುಕ. ದಿನಾ ಬಾಗ್ಲು ಹಾಕೋ ಹೊತ್ಗೆ ಒಂದು ಟೋಕನ್ ಬಂದು ಕೂತಿರ್ತೈತಂತೆ ಕೌಂಟರ್ ಮ್ಯಾಲೆ, ಹಸೀ ಮಣ್ಣು ಮೆತ್ಕಂಡು. ಬ್ಯಾಗ್ ಎತ್ಕೊಡೋಣ ಅಂತ ತಲೆ ಎತ್ತಿದ್ರೆ ಎದುರಿಗೆ ಯಾರೂ ಇಲ್ಲ. ಬೆಳಿಗ್ಗೆ ನೋಡಿದ್ರೆ ಟೋಕನ್ನೂ ಇಲ್ಲ, ಪುಸ್ತಕದ ಸಾಲಿನುದ್ದಕ್ಕೂ ಒದ್ದೆ ಹೆಜ್ಜೆ... ಇದನ್ನ ಇಸ್ಕಳಿ ಯಜಮಾನ್ರೇ, ನಮ್ಮನ್ನ ಬಿಟ್ಬಿಡಿ ಅಂತ ಕೈ ಮುಗಿದ. ನಾನೇನಂದೆ ಗೊತ್ತಾ? ಟೋಕನ್ ಎಲ್ಲಿ ಅಂದೆ! ಟೋಕನ್ ಇಲ್ದೆ ನಾನೆಂಗಪ್ಪಾ ಇಸ್ಕಳ್ಳಿ, ರೂಲ್ಸಲ್ವಾ ಅಂದೆ. ಬಂದ ದಾರೀಲೇ ವಾಪಸ್ ಕಳಿಸ್ದೆ."

ಸುಮಿತ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಮಗಳ ಬ್ಯಾಗಲ್ವಾ ಅಣ್ಣಾ... ಇಸ್ಕಬಾರ್ದಿತ್ತಾ?"

"ಹುಚ್ಚಿ! ಗೂಡಿನಲ್ಲಿ ಬ್ಯಾಗ್ ಇದ್ರೆ ಆಳು ಒಳಗೈತೆ ಅಂತ ಲೆಕ್ಕ. ಅದೂ ಅವರದೇ ರೂಲ್ಸು. ಆ ಬ್ಯಾಗ್ ಅಲ್ಲಿರೋ ತನಕ ನನ್ ಮಗಳನ್ನ ಯಾವನೂ ಹೊರಗಾಕಂಗಿಲ್ಲ... ಅವಳಿಗೆ ಅಲ್ಲಿ ಕೆಲಸ ಐತೆ ಕಣೇ. ಓದು ಮುಗಿಸಿ ಕಾರ್ಡ್ ಕಳ್ಕಂಡ ಮಕ್ಕಳು, ದೂರದಿಂದ ಬಂದು ಬಾಗಿಲಲ್ಲಿ ಬೇಡ ಅನ್ನಿಸ್ಕಂಡೋರು, ಬರಿಗೈಲಿ ಮನೆಗೆ ಹೋಗ್ತಾರಲ್ಲ... ಅವರೆಲ್ಲ ಯಾವ ಗದ್ದೆಯೋರು ಹೇಳು?"

ಸಣ್ಣಯ್ಯ ಬಾಗಿಲ ಮೂಲೆಯತ್ತ ನೋಡುತ್ತಿದ್ದರು.

"ಇವತ್ತು ನಿನ್ ಬ್ಯಾಗ್ ಎಲ್ಲಿ ಇಡಿಸಿದ್ರವ್ವ?"

"ಕೌಂಟರಿನ ಗೂಡಿನಲ್ಲಿ ಮಾವ." ಧನುಶ್ರೀ ತಡೆದಳು. ಮರೆತಿದ್ದದ್ದು ಈಗ ಕಣ್ಣ ಮುಂದೆ ಬಂತು. "ಪಕ್ಕದ ಗೂಡಿನಲ್ಲಿ ಒಂದು ಹಳೇ ಹಸಿರು ಚೀಲ ಇತ್ತು. ತಳದಿಂದ ನೀರು ತೊಟ್ಟಿಕ್ತಿತ್ತು... ಆಗಿನ್ನೂ ಅಲ್ಲಿ ಮಳೆ ಶುರುವಾಗಿರ್ಲಿಲ್ಲ."

ಎದ್ದು ಹೋಗಿ ಚೀಲ ಬಿಚ್ಚಿದಳು. ಟಿಫಿನ್ ಡಬ್ಬಿಯ ಕೆಳಗೆ ಶಾಸನ ಸಂಪುಟವಿತ್ತು. ಲೈಬ್ರರಿಯ ಮುದ್ರೆಯಿತ್ತು. ಚೀಲವೆಲ್ಲ ನೆನೆದಿದ್ದರೂ ಹಾಳೆಗಳು ಗರಿಗರಿಯಾಗಿದ್ದವು. ಕೆಂಪು ರಟ್ಟಿನ ಮೇಲೆ ಕೆರೆಯ ಕಪ್ಪು ಮಣ್ಣು, ಐದು ಬೆರಳಿನ ಗುರುತು. ಧನುಶ್ರೀ ತನ್ನ ಕೈಯನ್ನು ಅದರ ಮೇಲಿಟ್ಟು ನೋಡಿದಳು. ಮಣ್ಣು ಇನ್ನೂ ತಣ್ಣಗಿತ್ತು.

"ಇದು... ಕಳ್ಳತನದ ಕೇಸಾಗ್ತದೆ," ಎಂದ ದೇವರಾಜ್. ಮೇಣದಬತ್ತಿ ಇಸಿದುಕೊಳ್ಳದೆ ಎದ್ದು ಹೋದ.

'ನೀವು ಹೊರಗಿನವರು.' ಬೆಳಿಗ್ಗೆ ಕೇಳಿ ಸುಮ್ಮನೆ ತಿರುಗಿ ಬಂದಿದ್ದ ಮಾತು ಈಗ ಸುಟ್ಟಿತು. ಎರಡು ವರ್ಷ ಆ ಮೇಜುಗಳ ಮೇಲೆ ಬಗ್ಗಿ ಓದಿದವಳು ತಾನು. ಯಾರು ಹೊರಗಿನವರು? ಧನುಶ್ರೀ ದೀಪವನ್ನು ತನ್ನ ಕಡೆಗೆ ಎಳೆದುಕೊಂಡು ಬತ್ತಿ ಎತ್ತರಿಸಿದಳು.

"ಓದವ್ವ," ಎಂದರು ಸಣ್ಣಯ್ಯ ಮೆಲ್ಲಗೆ. "ಓದಿ ಮುಗಿಸಿ ನೀನೇ ವಾಪಸ್ ತಗಂಡೋಗು. ಇನ್ನೊಬ್ಬರ ಸರದಿ ಬರಬೇಕಲ್ಲ... ಒಳಗೆ ಬಿಡಲ್ಲ, ಬ್ಯಾಡ. ಮೆಟ್ಲ ಮ್ಯಾಲೆ ಕೂತ್ಕ. ಎಂಥಾ ಬಿಸಿಲಿದ್ರೂ ನಿನ್ ಪಕ್ಕದ ಕಲ್ಲು ಒದ್ದೆ ಆಗ್ತೈತೆ. ಆವಾಗ ಅಲ್ಲಿಟ್ಟು ಎದ್ದು ಬಾ... ತಿರುಗಿ ನೋಡಬ್ಯಾಡ. ಕೊನೇ ಗದ್ದೆಗೆ ನೀರು ಮುಟ್ಟಿಲ್ಲ ಕಣವ್ವ. ನನ್ ಮಗಳು ಇನ್ನೂ ಮನೆಗೆ ಬಂದಿಲ್ಲ."