ಸೋಡಾ ಅಂಗಡಿಯ ರೆಗ್ಯುಲೇಟರ್

ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಕೈವಾರದ ಬಸ್ಸಿಗೆ ಕಾಯುತ್ತಿದ್ದ ಅಶ್ವತ್ಥಮ್ಮನ ಕಿವಿ, ಪಕ್ಕದಲ್ಲಿದ್ದ ಅಕ್ಕ-ತಮ್ಮನ ಮಾತಿನತ್ತ ತಾನಾಗಿಯೇ ವಾಲಿತು.

"ಮೀನಿನ ತೊಟ್ಟೀಲಿ ಹವಳಕ್ಕೆ ಸುಣ್ಣ ಕರಗ್ಸೋ ರಿಯಾಕ್ಟರ್ ಡಬ್ಬಿಗೆ, ಸೋಡಾ ಅಂಗಡಿ ಗ್ಯಾಸ್ ರೆಗ್ಯುಲೇಟರ್ ಹಾಕಿದ್ಯೇನೋ ವೇಣು?"

"ಗ್ಯಾಸ್ ಒಂದೇ ಅಲ್ವೇನಕ್ಕಾ ಅಂದ್ಕೊಂಡೆ. ಗುಳ್ಳೆ ಎಣಿಸ್ಕೊಂಡು ಬಿಡ್ಬೇಕಿತ್ತು, ಅದು ಬುಸ್ಸ್ ಅಂತ ನೀರಿಗೆಲ್ಲಾ ನುಗ್ಬಿಡ್ತು, ಮೀನಿಗೆ ಉಸಿರು ಕಟ್ತು."

"ನಿನ್ನ ನಂಬಿ ತಾನೇ ನನ್ ಮಗಳು ಅವಳ ಮೀನು ನಿನ್ ತೊಟ್ಟೀಲಿ ಬಿಟ್ಟಿದ್ದು? ಸತ್ತೋಯ್ತು ಅಂತ ಅವಳಿಗೆ ಹೇಳಿದ್ಯಾ?"

"ಕಲ್ಲಿನ ಹಿಂದೆ ಮಲಗೈತೆ ಅಂದೆ. ಇವತ್ತು ಸರಿಯಾದ ರೆಗ್ಯುಲೇಟರ್ ಜೊತೆ ಅಂಥದ್ದೇ ಮೀನೂ ತರ್ತೀನಿ. ನೀನ್ ಸುಮ್ನಿರಕ್ಕಾ."

"ಬಾಲದ ಹತ್ರ ಮಚ್ಚೆ ಇತ್ತಲ್ಲಪ್ಪಾ, ಅದನ್ನ ಎಲ್ಲಿಂದ ತರ್ತೀಯ?"

ವೇಣು ಜೇಬಿನಿಂದ ಫೋನು ತೆಗೆದ. ಬೆಂಗಳೂರು ಬಸ್ಸು ಬಂತು. ಅಕ್ಕನ ಹಿಂದೆ ಹತ್ತುತ್ತಾ ಅವನು ಫೋನು ಕಿವಿಗಿಟ್ಟ.

"ಹರಿತಮ್ಮಾ, ಮಾಮ ನಿಂಗೆ ಸುಳ್ಳು ಹೇಳ್ದೆ ಕಣಮ್ಮಾ..."

ಬಾಗಿಲು ಮುಚ್ಚಿತು.