ಪಕ್ಕೀರಪ್ಪನ ಹಿತ್ತಾಳಿ ಬೂಚು

ಹುಲಿಗೇಶ ಅಂದ್ರ ನಮ್ಮ ಚಿಗವ್ವನ ಮಗ. ಸುಳ್ಳು ಹೇಳೂ ಮನಶ್ಯಾ ಅಲ್ಲ, ಅಷ್ಟು ಬುದ್ಧೀನೂ ಅವಗಿಲ್ಲ ಬಿಡ್ರಿ. ಮುನಿರಾಬಾದಿನ ಹಿನ್ನೀರ ದಂಡಿಮ್ಯಾಲೆ ಒಂದು ಹಳೇ ಇಮಾನ ಕಾಯ್ತಾನ. ನೀರಿನ ಮ್ಯಾಲೂ ಇಳಿತೈತಿ, ನೆಲದ ಮ್ಯಾಲೂ ಇಳಿತೈತಿ, ಅಂಥಾದ್ದು. ಮೊದಲಿನ ಇಂಜಿನ್ನು ಗಡ್ ಗಡ್ ಗಡ್ ಅಂತ ಕೆಮ್ಮತಿತ್ತು, ಕರೇ ಎಣ್ಣಿ ಸೋರತಿತ್ತು. ಹೋದ ವರ್ಷ ಅದನ್ನ ಕಿತ್ತು ಟರ್ಬೈನ್ ಕುಂದ್ರಿಸಿದ್ರು. ಇದು ಬರೇ ಸುಂಯ್ಯ್... ಅಂತೈತಿ. ಒಂದು ಹನಿ ಸೋರಂಗಿಲ್ಲ.

ಹಳೇ ಇಂಜಿನ್ನಿನ ಮೇಸ್ತ್ರಿ ಪಕ್ಕೀರಪ್ಪ. ಇಮಾನದ ಹೊಟ್ಟ್ಯಾಗ ನಿಂತ ನೀರು ಬಿಡಾಕ ತಳದಾಗ ಒಂದು ತೂತು, ಅದಕ್ಕೊಂದು ಹಿತ್ತಾಳಿ ಬೂಚು. ಬೂಚು ತೆಗೆದವ ಅದನ್ನ ಕೊಳ್ಳಾಗ ಕಟಗೋಬೇಕು, ತಿರುಗಿ ಹಾಕೂತನಕ ಉಣ್ಣಬಾರದು... ಇದು ಅವನ ಕಟ್ಟಳಿ. ಇಂಜಿನ್ ಕಿತ್ತ ತಿಂಗಳದಾಗ ಅವನೂ ತೀರಿಕೊಂಡ. ಹಿತ್ತಾಳಿ ಬೂಚು ಕೊಳ್ಳಾಗಿದ್ದಂಗ ಮಣ್ಣು ಮಾಡಿದ್ರು. ಇಮಾನಕ್ಕ ಪ್ಲಾಸ್ಟಿಕ್ಕಿಂದು ಹೊಸಾದು ಬಂತು.

ಅವತ್ತು... ಮರುದಿನ ಮುಂಜಾನಿ ಇಮಾನ ನೀರಿಗಿಳಿಯೂದಿತ್ತು. ಒಳಗ ಕುಂದ್ರಾಕಿ ಹುಲಿಗೇಶನ ಮಗಳು ಸುರೇಖಾ. ಐಟಿಐ ಕಲಿತು ಅಲ್ಲೇ ಕೆಲಸಕ್ಕ ಸೇರಿದ್ಲು. ಈಜು ಬರಂಗಿಲ್ಲ. ಆ ಸಂಭ್ರಮಕ್ಕ ಮನ್ಯಾಗ ಹೋಳಿಗಿ. ಹುಲಿಗೇಶ ಇಮಾನ ತೊಳದ, ನೀರು ಬಿಟ್ಟ, ಬೂಚು ಅಂಗಿ ಕಿಸೇದಾಗ ಇಟ್ಟ... ಹಂಗ ಮನಿ ಹಾದಿ ಹಿಡಿದ.

ನಡು ಹಾದ್ಯಾಗ ನಿಂತ, ಹೊಳ್ಳಿ ನೋಡಿದ, ಮತ್ತ ನಡೆದ. ಏನೋ ಮರತಂಗ ಆಗತೈತಿ, ಏನಂತ ತಿಳಿವಲ್ದು.

ಆಲದ ಗಿಡದ ಬಾವಿ ಹತ್ರ ಬರೂದ್ರಾಗ ಗವ್ವಂತ ಕತ್ತಲಿ. ಬಾವ್ಯಾಗಿಂದ... ಗಡ್.

ನಿಂತ.

ಗಡ್... ಗಡ್ ಗಡ್.

ಹಳೇ ಇಂಜಿನ್ನಿನ ಕೆಮ್ಮು. ಬಾವಿ ಕಟ್ಟಿಮ್ಯಾಲೆ ಯಾರೋ ಕುಂತಿದ್ರು.

"ಹುಲಿಗ್ಯಾ... ಉಂಡಿ?" ಪಕ್ಕೀರಪ್ಪನ ದನಿ. ಪಿಸುಪಿಸು.

"ಇ... ಇಲ್ಲ ಕಾಕಾ."

"ಉಣಬ್ಯಾಡ."

ಕೈ ತಾನ ಕಿಸೇಕ್ಕ ಹೋತು. ಬೂಚು... ಇಲ್ಲೇ ಐತಿ! ನಾಳೆ ಆ ತೂತಿನಾಗಿಂದ ನೀರು ತುಂಬಿ, ಮಗಳು ಒಳಗ... ಹಿಂದ ನೋಡದ ಓಡಿದ. ಇಮಾನದ ತಳಕ್ಕ ತೂರಿ ಕತ್ತಲಾಗ ತೂತು ತಡಕಿದ.

ತೂತು ಮುಚ್ಚಿತ್ತು. ತಣ್ಣಗ, ಬಿಗಿಯಾಗಿ. ಮೊಬೈಲ್ ಬೆಳಕು ಹಿಡಿದು ನೋಡಿದ್ರ ಹಿತ್ತಾಳಿ ಬೂಚು. ಹುಲಿಗೇಶನ ಪ್ಲಾಸ್ಟಿಕ್ ಬೂಚು ಅವನ ಕೈಯಾಗ ಇತ್ತು.

ಸುರೇಖಾ ಮರುದಿನ ಇಮಾನದಾಗ ಹಾರಿ, ನೀರಿಗಿಳಿದು, ನಗಕೋತ ದಂಡಿಗೆ ಬಂದ್ಲು. "ಅಪ್ಪಾ, ಒಳಗ ಒಂದು ಹನಿ ನೀರು ಬಂದಿಲ್ಲ ನೋಡು," ಅಂದ್ಲು. ಹುಲಿಗೇಶ ಅಳಾಕ ಹತ್ತಿದ. ಯಾಕಂತ ಮಗಳಿಗೆ ಇವತ್ತಿಗೂ ಹೇಳಿಲ್ಲ.

ನಂಬ್ರಿ, ಬಿಡ್ರಿ. ಹಿತ್ತಾಳಿ ಬೂಚು ಇನ್ನೂ ಅಲ್ಲೇ ಐತಿ, ನಾನ ಮುಟ್ಟಿ ಬಂದೀನಿ. ಟರ್ಬೈನ್ ಸೋರಂಗಿಲ್ಲ ಅಂದ್ನಲ್ರಿ... ದಿನಾ ಮುಂಜಾನಿ ಆ ಬೂಚಿನ ಕೆಳಗ, ನೆಲದ ಮ್ಯಾಲೆ, ಕರೇ ಎಣ್ಣಿ ಒಂದು ಹನಿ ಬಿದ್ದಿರತೈತಿ.