ಒಂದು ಮೊಳ ಪೈಪು

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೊರಟ ಬಸ್ಸಿನಲ್ಲಿ ಪೋಲಮ್ಮ ಹುಣಸೆಹಣ್ಣಿನ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ತೂಕಡಿಸುತ್ತಿದ್ದಳು. ಮುಂದಿನ ಸೀಟಿನಲ್ಲಿ ಗಂಡ, ಅವನನ್ನು ಬಾವ ಎಂದೇ ಕರೆಯುವ ತುಂಬು ಬಸುರಿ ಹೆಂಡತಿ. ಅವರ ಮಾತು ಕಿವಿಗೆ ಬಿದ್ದು ಅವಳ ನಿದ್ದೆ ಹಾರಿಹೋಯಿತು.

“ಹೆರಿಗೆಗೆ ತವರಿಗೆ ಕಾರಲ್ಲೇ ಕರ್ಕೊಂಡೋಯ್ತೀನಿ ಅಂತ ನೀನೇ ಅಂದಿದ್ದೆ, ಬಾವ.”

“ಶೆಡ್ಡಲ್ಲೈತಲ್ಲ ಮೌನಿಕಾ. ಹಳೇ ಟರ್ಬೊ ಗಾಡಿ, ಪೆಟ್ರೋಲ್ ಬದ್ಲು ಎಥನಾಲಲ್ಲಿ ಓಡೋ ಹಂಗೆ ಮಾಡಿಸ್ತಾ ಇವ್ನಿ. ಇಂಜಿನ್ನಿಗೆ ಪೆಟ್ರೋಲಿಗಿಂತ ಅದು ಜಾಸ್ತಿ ಬೇಕು. ಅದ್ಕೇ ದೊಡ್ಡ ಪಂಪು, ದೊಡ್ಡ ಇಂಜೆಕ್ಟರು.”

“ನಾನೂ ಈಗ ಇಬ್ಬರ ಊಟ ಉಣ್ತಾ ಇವ್ನಿ. ನಂಗ್ಯಾವ ಪಂಪು ಹಾಕ್ಸಿದೆ?”

ಪೋಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಆಡ್ಕೋಬ್ಯಾಡ ಕಣೆ. ಎಲ್ಲಾ ಮುಗೀತಾ ಬಂತು. ಮಗೂನ ಅದ್ರಲ್ಲೇ ಕರ್ಕೊಂಡು ಬತ್ತೀನಿ. ಹಿಂದಗಡೆ ಎಥನಾಲು ಹರಿಯೋ ಒಂದು ಮೊಳ ರಬ್ಬರ್ ಪೈಪು ಮಾತ್ರ ಹಳೇದು. ಇರ್ಲಿ ಅಂತ ಬಿಟ್ಟಿವ್ನಿ.”

“ಹಳೇ ರಬ್ಬರನ್ನ ಎಥನಾಲು ತಿಂದಾಕ್ತದೆ, ಸೋರಿದ್ರೆ ಬೆಂಕಿ ಅಂದೋನು ನೀನೇ ತಾನೆ?”

“ಒಂದೇ ಮೊಳ ಕಣೆ.”

“ಆ ಮೊಳದ ಮೇಲೇ ಹಿಂದಿನ ಸೀಟು. ಮಗೂನ ಎತ್ಕೊಂಡು ನಾನು ಕೂರೋದು ಎಲ್ಲಿ?”

ಕಲ್ಯಾಣದುರ್ಗ ಬರುವ ಹೊತ್ತಿಗೆ ಶೆಡ್ಡಿನ ಮೆಕ್ಯಾನಿಕ್ಕಿಗೆ ಹಚ್ಚಿದ ಫೋನು ಗಂಡನ ಕಿವಿಯಲ್ಲಿತ್ತು.

“ಅಣ್ಣಾ, ಆ ಹಿಂದಿನ ಪೈಪೂ ಬಿಚ್ಚಾಕು. ಹೊಸದೇ ಹಾಕು, ಸರೇನಾ?”

ಅವನ ಹೆಗಲು ಹಿಡಿದು ಮೆಟ್ಟಿಲಿಳಿಯುತ್ತ ಮೌನಿಕಾ ಫೋನಿಗೂ ಕೇಳುವಂತೆ ಹೇಳಿದಳು:

“ನನ್ನ ಬಾಣಂತನ ಮೂರು ತಿಂಗಳಿಗೆ ಮುಗೀತದೆ. ಕಾರಿಂದು ಯಾವಾಗ ಮುಗೀತದೋ, ಅದನ್ನೂ ಕೇಳು ಬಾವ.”